ಟಿಕೆಟ್ ಮಾರಿದ್ದರಲ್ಲಿ ಏನು ದೊಡ್ಡಸ್ತಿಕೆ?

ಬೀದರಿನ ಓದುಗರೊಬ್ಬರ ಪತ್ರ: "ಬಾಂಗ್ಲಾದೇಶದ ನಟ ಅಲಿ ಜಾಕೆರ್ ಟಿಕೆಟ್ ಇಟ್ಟು ನಾಟಕ ಆಡಿದರು ಅಂತ ಕಳೆದ ಸಂಚಿಕೆಯಲ್ಲಿ ಎರಡು ಸಲ ಬರೆದಿದ್ದೀರಿ. ನಮ್ಮ ಕಂಪನಿ ನಾಟಕದವರು ಮಾರಿದ್ದೇನು, ಕಡ್ಲೆಪುರಿಯಾ? ನನಗೆ ಗೊತ್ತಿರುವ ಜಾಕೆರ್ ಟಿವಿ ಧಾರಾವಾಹಿಯ ತಮಾಷೆ ಮಾವ. ಹೊಟ್ಟೆಪಾಡಿಗೆ ಜಾಹೀರಾತು ಕಂಪನಿ ನಡೆಸಿದವರು. ಅವರ ಗಂಭೀರ ನಟನೆ ಇದ್ದರೆ ಎಲ್ಲಿದೆ, ಹೇಳಿ."

ಕಂಪನಿ ನಾಟಕದ ಮಾತು ಒಪ್ಪಿದೆ. ಗುಬ್ಬಿ ಕಂಪನಿ ಕಂಡ ನಾಡಿಗೆ ಟಿಕೆಟ್ ಒಂದು ಸುದ್ದಿಯೇ ಅಲ್ಲ. ಆದರೆ ಪಾಕಿಸ್ತಾನದ ಕಾಲದ ಢಾಕಾದಲ್ಲಿ ನಾಟಕ ಅಂದರೆ ಹೆಚ್ಚಾಗಿ ಕಾಲೇಜು, ಕ್ಲಬ್ಬು, ಆಫೀಸಿನ ವಾರ್ಷಿಕೋತ್ಸವ. ಒಂದೋ ಎರಡೋ ರಾತ್ರಿ ಆಡಿ ಸೆಟ್ ಬಿಚ್ಚಿದರೆ ಮುಗೀತು.

ಜಾಕೆರ್ ಹುಟ್ಟಿದ್ದು 1944ರಲ್ಲಿ, ಚಿತ್ತಗಾಂಗ್‌ನಲ್ಲಿ. 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಕೋಲ್ಕತ್ತಾಕ್ಕೆ ಬಂದು, ಹೋರಾಟಗಾರರ ರೇಡಿಯೊ ಆದ ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರದ ಇಂಗ್ಲಿಷ್ ವಿಭಾಗದಲ್ಲಿ ಕೆಲಸ ಮಾಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಅವರು ರಂಗಕ್ಕೆ ಹತ್ತಿದ್ದು 1972ರ ಫೆಬ್ರುವರಿಯಲ್ಲಿ, ಮುನೀರ್ ಚೌಧರಿಯವರ 'ಕಬರ್' ನಾಟಕದಲ್ಲಿ. ಆರಣ್ಯಕ್ ತಂಡದ ಆ ನಾಟಕಕ್ಕೆ ಮಾಮುನೂರ್ ರಶೀದ್ ನಿರ್ದೇಶಕರು. ಬಂಗಾಳಿ ಭಾಷಾ ಚಳವಳಿಗಾಗಿ ಜೈಲು ಸೇರಿದ್ದ ಮುನೀರ್, 1953ರಲ್ಲಿ ಒಳಗೇ ಕೂತು ಅದನ್ನು ಬರೆದಿದ್ದರು. ಕೈದಿಗಳು ಲಾಟೀನು ಬೆಳಕಲ್ಲಿ ಆಡಿದ್ದರು. 1971ರ ಡಿಸೆಂಬರ್ 14ರಂದು, ಯುದ್ಧ ಮುಗಿಯಲು ಎರಡೇ ದಿನ ಇರುವಾಗ, ಮುನೀರ್ ಅವರನ್ನು ಮನೆಯಿಂದ ಎಳೆದೊಯ್ದು ಕೊಂದರು. ಎರಡು ತಿಂಗಳ ಮೇಲೆ ಢಾಕಾದ ಜನ ಅವರದೇ ನಾಟಕ ನೋಡುತ್ತಿದ್ದಾರೆ. ಆ ಕತ್ತಲಲ್ಲಿ ಕೂತವರ ಎದೆ ಹೇಗೆ ಹೊಡೆದುಕೊಂಡಿರಬೇಡ!

ಅದೇ ವರ್ಷ ಜಾಕೆರ್ 'ನಾಗರಿಕ್' ತಂಡ ಸೇರಿದರು. 1973ರ ಫೆಬ್ರುವರಿಯಲ್ಲಿ ಕೋಲ್ಕತ್ತಾದ ನಾಟಕಕಾರ ಬಾದಲ್ ಸರ್ಕಾರ್ ಅವರ 'ಬಾಕಿ ಇತಿಹಾಸ್' ಆಡಿಸಿದರು. ಬಾದಲ್ ಸರ್ಕಾರ್ ನಮಗೂ ಗೊತ್ತಿರುವವರೇ, 'ಏವಂ ಇಂದ್ರಜಿತ್' ನಾಟಕವನ್ನು ಇಂಗ್ಲಿಷಿಗೆ ತಂದವರು ನಮ್ಮ ಕಾರ್ನಾಡರಲ್ವಾ? ಹೊಸ ದೇಶದಲ್ಲಿ ಟಿಕೆಟ್ ಇಟ್ಟು ಬಿಡದೆ ನಾಟಕ ಆಡುವ ರೂಢಿ ಶುರುವಾದದ್ದು ಇಲ್ಲಿಂದ. ಕಾಸು ಕೊಟ್ಟವನಿಗೆ ಬೈಯುವ ಹಕ್ಕಿರುತ್ತದೆ. ಮುಂದಿನ ವಾರವೂ ಅವನು ಬರಬೇಕು ಅಂದರೆ ಸುಮ್ನೆ ಆಡಿ ಕೈತೊಳೆದುಕೊಂಡರೆ ಆಗಲ್ಲ. ಮುಂದೆ ಢಾಕಾದ ಬೇಲಿ ರೋಡಿನ ಮಹಿಳಾ ಸಮಿತಿ ಸಭಾಂಗಣದ ಸುತ್ತ ನಾಟಕದ ಪೇಟೆಯೇ ಬೆಳೆಯಿತು. ಆ ರಸ್ತೆಗೆ ಈಗ 'ನಾಟಕ್ ಸರಣಿ' ಅಂತಲೇ ಹೆಸರು. ನಾನು ಎರಡು ಸಲ ಬರೆದದ್ದು ಇದಕ್ಕೇ.

ಜಾಹೀರಾತು ಕಂಪನಿ ನಿಜ. ಸಂಬಳ ಅಲ್ಲಿ, ಸಂಜೆ ತಾಲೀಮು. ಸೈಯದ್ ಶಂಸುಲ್ ಹಕ್ ಅವರ ಪದ್ಯನಾಟಕದಲ್ಲಿ ಅವರು 1783ರ ರಂಗಪುರ ರೈತ ದಂಗೆಯ ನಾಯಕ ನೂರುಲ್ದೀನ್ ಆಗಿದ್ದರು. "ಜಾಗೋ ಬಾಹೇ, ಕೋನ್ಠೇ ಸಬಾಯ್", ಅಂದರೆ ಏಳ್ರಪ್ಪೋ, ಎಲ್ಲಿದ್ದೀರೋ ಎಲ್ಲಾ! ರಂಗಪುರದ ಹಳ್ಳಿ ಮಾತಿನ ಆ ಸಾಲು ಇವತ್ತಿಗೂ ಅಲ್ಲಿನ ಮೆರವಣಿಗೆಗಳಲ್ಲಿ ಕೇಳುತ್ತದೆ. 2018ರಲ್ಲಿ, ಕ್ಯಾನ್ಸರ್ ಮೈಯೊಳಗಿರುವಾಗಲೇ, ಬ್ರೆಕ್ಟ್ ನಾಟಕದಲ್ಲಿ ಮತ್ತೆ ಗೆಲಿಲಿಯೊ ಆಗಿ ಬಂದರು. ಪಕ್ಕದಲ್ಲಿ ಹಳೆಯ ಗೆಳೆಯ ಅಸಾದುಜ್ಜಮಾನ್ ನೂರ್. 2020ರ ನವೆಂಬರಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ತಮಾಷೆ ಮಾವ. 1988ರ 'ಬಹುಬ್ರೀಹಿ' ತಾನೇ? ಸರ್ಕಾರಿ ಟಿವಿಯಲ್ಲಿ 'ರಜಾಕಾರ' ಅನ್ನಲು ಹಿಂಜರಿಯುತ್ತಿದ್ದ ಕಾಲ. ಆ ಧಾರಾವಾಹಿಯಲ್ಲಿ ಆ ಮಾತು ಆಡಿದ್ದು ಒಂದು ಗಿಳಿ: "ತುಯಿ ರಜಾಕಾರ್", ನೀನು ರಜಾಕಾರ! ಬೀದರಿನವರಿಗೆ ಈ ಪದದ ನೆನಪೇ ಬೇರೆ, ನಿಜಾಮನ ಕಾಲದ್ದು. ಬಾಂಗ್ಲಾದೇಶದಲ್ಲಿ ರಜಾಕಾರರೆಂದರೆ 1971ರಲ್ಲಿ ಪಾಕಿಸ್ತಾನಿ ಸೇನೆಯ ಜೊತೆ ನಿಂತ ಸ್ಥಳೀಯರು.

ಗಂಭೀರ ನಟನೆ ಬೇಕಾದರೆ ತನ್ವೀರ್ ಮೊಕಮ್ಮೆಲ್ ಅವರ 'ನದೀರ್ ನಾಮ್ ಮಧುಮತಿ' ಸಿನಿಮಾ ಹುಡುಕಿ ನೋಡಿ. ಬಾಂಗ್ಲಾ ವಿಮೋಚನಾ ಪಡೆ ಮುಕ್ತಿವಾಹಿನಿ ಸೇರಿದ ಹುಡುಗನ ಮಲತಂದೆ, ಪಾಕಿಸ್ತಾನಿ ಸೇನೆಯ ಜೊತೆ ನಿಂತ ಮೋತಾಲೆಬ್ ಮೊಲ್ಲಾ. ಆ ಪಾತ್ರ ಮಾಡಿದ್ದು ನಿಮ್ಮ ಮಾವನೇ.