ಲಾರ್ಚ್ ಬೋನ್ಸಾಯ್: ಕತ್ತರಿ ಹಿಡಿಯುವ ಮುನ್ನ ಮೊಗ್ಗು ನೋಡಿ

ಈ ಸಂಚಿಕೆಗೆ ಆಯ್ದುಕೊಂಡ ನಾಲ್ಕು ಪ್ರಶ್ನೆಗಳೂ ಲಾರ್ಚ್ ಮರಕ್ಕೆ ಸಂಬಂಧಿಸಿದವು. ಮೂರನ್ನು ಚಳಿನಾಡುಗಳಲ್ಲಿ ನೆಲೆಸಿರುವ ಕನ್ನಡಿಗರು ಕಳುಹಿಸಿದ್ದಾರೆ, ನಾಲ್ಕನೆಯದು ಬೆಂಗಳೂರಿನಿಂದ ಬಂದಿದೆ. ಲಾರ್ಚ್ ಪೈನ್ ಕುಟುಂಬಕ್ಕೆ ಸೇರಿದ ಶಂಕುಧಾರಿ ಮರವಾದರೂ ಪೈನಿನಂತೆ ನಿತ್ಯಹಸುರಲ್ಲ. ಶರತ್ಕಾಲದಲ್ಲಿ ಅದರ ಸೂಜಿಯೆಲೆಗಳು ಹೊಂಬಣ್ಣಕ್ಕೆ ತಿರುಗಿ ಪೂರ್ತಿಯಾಗಿ ಉದುರುತ್ತವೆ.

ಪ್ರಶ್ನೆ: ನಾನು ಒಟ್ಟಾವಾದಲ್ಲಿದ್ದೇನೆ. ನರ್ಸರಿಯಿಂದ ತಂದ ಟ್ಯಾಮರಾಕ್ ಲಾರ್ಚ್ ಗಿಡವನ್ನು ಕುಂಡದಲ್ಲಿ ಬೆಳೆಸುತ್ತಿದ್ದೇನೆ. ಆಕಾರ ಕೆಡಬಾರದೆಂದು ಬೇಸಿಗೆಯುದ್ದಕ್ಕೂ ಚಿಗುರಿನ ತುದಿಗಳನ್ನು ಚಿವುಟುತ್ತಿದ್ದರೂ ರೆಂಬೆಗಳ ತುದಿಯಲ್ಲಿ ಮಾತ್ರ ಹಸುರು ಉಳಿದಿದೆ, ಒಳಗೆಲ್ಲ ಬೋಳು. ಸವರುವ ಸರಿಯಾದ ಕಾಲ ಮತ್ತು ಕ್ರಮ ಯಾವುದು?

ಉತ್ತರ: ನಿಮ್ಮ ಗಿಡ ಒಳಗೆ ಬೋಳಾಗಲು ನಿರಂತರವಾದ ಚಿವುಟುವಿಕೆಯೇ ಬಹುಮಟ್ಟಿಗೆ ಕಾರಣವೆಂದು ನನಗೆ ಅನಿಸುತ್ತದೆ. ಲಾರ್ಚ್‌ನಲ್ಲಿ ಎರಡು ಬಗೆಯ ಚಿಗುರುಗಳಿರುತ್ತವೆ. ಮೊದಲನೆಯದು ಗಿಡ್ಡ ಚಿಗುರು. ಅದು ವರ್ಷಕ್ಕೆ ಕೂದಲೆಳೆಯಷ್ಟೇ ಬೆಳೆದು, ತುದಿಯಲ್ಲಿ ಸೂಜಿಯೆಲೆಗಳ ಒಂದು ಗುಚ್ಛವನ್ನು ಬಿಚ್ಚುತ್ತದೆ. ಎರಡನೆಯದು ಉದ್ದ ಚಿಗುರು. ಅದರ ಮೇಲೆ ಸೂಜಿಗಳು ಒಂಟಿಯಾಗಿ ಸುರುಳಿ ಕ್ರಮದಲ್ಲಿ ಕೂತಿರುತ್ತವೆ, ಅವುಗಳಲ್ಲಿ ಕೆಲವುಗಳ ಕಂಕುಳಲ್ಲಿ ಮುಂದಿನ ವರ್ಷದ ಮೊಗ್ಗುಗಳು ಮೂಡುತ್ತವೆ. ರೆಂಬೆ ಕವಲೊಡೆಯುವುದು ಈ ಮೊಗ್ಗುಗಳಿಂದಲೇ. ಉದ್ದ ಚಿಗುರು ಬೆರಳುದ್ದ ಬೆಳೆಯುವ ಮೊದಲೇ ಚಿವುಟುತ್ತ ಹೋದರೆ ಬುಡದ ಮೊಗ್ಗುಗಳು ಬಲಿಯುವುದಿಲ್ಲ, ಗಿಡಕ್ಕೆ ಆಹಾರ ತಯಾರಿಸಿಕೊಳ್ಳುವ ಎಲೆಯೂ ಸಾಲದಾಗುತ್ತದೆ, ಮತ್ತು ತುದಿಗಳಲ್ಲಿ ದಟ್ಟವಾಗುವ ಗುಚ್ಛಗಳು ಒಳಗಿನ ರೆಂಬೆಗಳಿಗೆ ಬೆಳಕನ್ನು ತಡೆಯುತ್ತವೆ. ಬೆಳಕು ಕಾಣದ ಮೊಗ್ಗು ಲಾರ್ಚ್‌ನಲ್ಲಿ ಬಹುಬೇಗ ಸಾಯುತ್ತದೆ.

ಆದ್ದರಿಂದ ವಸಂತದಲ್ಲಿ ಹೊರಟ ಉದ್ದ ಚಿಗುರುಗಳನ್ನು ಜೂನ್ ಕೊನೆ ಅಥವಾ ಜುಲೈವರೆಗೆ, ಅಂದರೆ ಅವುಗಳ ಬುಡ ಹಸುರು ಬಿಟ್ಟು ಗಟ್ಟಿಯಾಗತೊಡಗುವವರೆಗೆ, ಧಾರಾಳವಾಗಿ ಬೆಳೆಯಲು ಬಿಡಿ. ಆಮೇಲೆ ಬುಡದಲ್ಲಿ ಎರಡು ಮೂರು ಮೊಗ್ಗುಗಳನ್ನು ಉಳಿಸಿ ಹರಿತವಾದ ಕತ್ತರಿಯಿಂದ ಕತ್ತರಿಸಿ. ಕತ್ತರಿ ಚಿಗುರಿನ ಕಡ್ಡಿಯನ್ನು ಮಾತ್ರ ತುಂಡರಿಸಬೇಕು. ಸೂಜಿಗಳ ಗುಂಪನ್ನೇ ಅಡ್ಡಡ್ಡ ಕೊಯ್ದರೆ ಉಳಿದ ಸೂಜಿಗಳ ತುದಿ ಕಂದುಬಣ್ಣಕ್ಕೆ ತಿರುಗಿ ಚಳಿಗಾಲದವರೆಗೂ ಕಣ್ಣಿಗೆ ಚುಚ್ಚುತ್ತದೆ. ಉಳಿಸಿದ ಕೊನೆಯ ಮೊಗ್ಗು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಮುಂದಿನ ಕವಲು ಆ ದಿಕ್ಕಿಗೇ ಹೋಗುವುದರಿಂದ, ಮೊಗ್ಗನ್ನು ಆರಿಸುವುದೆಂದರೆ ಕೊಂಬೆಯ ನಕ್ಷೆಯನ್ನು ಬರೆದಂತೆಯೇ. ಲಾರ್ಚ್‌ನ ನೆತ್ತಿಗೆ ಬಲ ಹೆಚ್ಚು. ಅಲ್ಲಿಯ ಚಿಗುರುಗಳನ್ನು ಸ್ವಲ್ಪ ಮುಂಚೆಯೇ ಮತ್ತು ಹೆಚ್ಚು ಗಿಡ್ಡವಾಗಿ ಕತ್ತರಿಸಿ, ಕೆಳಗಿನ ಕೊಂಬೆಗಳ ಚಿಗುರುಗಳನ್ನು ತಡವಾಗಿ ಮುಟ್ಟಿದರೆ ಮೇಲಿನ ಬಲ ಕೆಳಕ್ಕೆ ಹಂಚಿಹೋಗುತ್ತದೆ.

ಕೊಂಬೆಗಳ ಚೌಕಟ್ಟನ್ನು ತಿದ್ದುವ ದೊಡ್ಡ ಕೆಲಸಕ್ಕೆ ಚಳಿಗಾಲದ ಕೊನೆಯೇ ಒಳ್ಳೆಯದು. ಎಲೆಯಿಲ್ಲದ ಗಿಡದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಮತ್ತು ಗಾಯ ಬಹುಕಾಲ ಹಾಗೇ ಇರದೆ ವಸಂತದ ಬೆಳವಣಿಗೆಯೊಂದಿಗೆ ಮಾಯತೊಡಗುತ್ತದೆ. ಒಂದೇ ಕಡೆಯಿಂದ ಹೊರಟ ಹಲವು ಕವಲುಗಳಲ್ಲಿ ಎರಡನ್ನು ಮಾತ್ರ ಉಳಿಸಿ. ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಹೋಗುವವನ್ನು ತೆಗೆಯಿರಿ. ಆದರೆ ಮಲ್ಲಿಗೆ ಬಳ್ಳಿಯನ್ನು ಸವರಿದಂತೆ ಬೋಳು ಕೊಂಬೆಯನ್ನು ನಡುವೆ ಕತ್ತರಿಸಿ ಚಿಗುರಿಗಾಗಿ ಕಾಯಬೇಡಿ. ಜೀವಂತ ಮೊಗ್ಗೊಂದನ್ನೂ ಉಳಿಸದೆ ಕತ್ತರಿಸಿದ ಲಾರ್ಚ್ ಕೊಂಬೆ ಬಹುತೇಕ ಒಣಗಿಯೇ ಹೋಗುತ್ತದೆ. ನಿಮ್ಮ ಗಿಡದ ಮಟ್ಟಿಗೆ ಹೇಳುವುದಾದರೆ, ಒಂದು ವರ್ಷ ಅದನ್ನು ಪೂರ್ಣ ಬಿಸಿಲಿನಲ್ಲಿಟ್ಟು, ಗೊಬ್ಬರ ಕೊಟ್ಟು, ಚಿವುಟದೆ ಬೆಳೆಸಿ, ತುದಿಯ ದಟ್ಟಣೆಯನ್ನಷ್ಟೇ ತೆಳುವಾಗಿಸಿ. ಬಲ ಬಂದ ಗಿಡದಲ್ಲಿ ಹಳೆಯ ಗಿಡ್ಡ ಚಿಗುರುಗಳ ಬುಡದಿಂದಲೂ ಹೊಸ ಮೊಗ್ಗುಗಳು ಏಳುತ್ತವೆ. ಅವು ಕಂಡ ಮೇಲೆ ಅವುಗಳವರೆಗೆ ಹಿಂದಕ್ಕೆ ಕತ್ತರಿಸಬಹುದು.

ನೀರಿನ ವಿಷಯದಲ್ಲೊಂದು ಎಚ್ಚರಿಕೆ. ನಿಮ್ಮ ಊರಿನ ಪಕ್ಕದ ಮೆರ್ ಬ್ಲೂ ಜೌಗುನೆಲದಲ್ಲಿ ಟ್ಯಾಮರಾಕ್ ನೀರಿನ ನಡುವೆಯೇ ನಿಂತಿರುವುದು ನಿಜ. ಹಾಗೆಂದು ಕುಂಡದಲ್ಲಿ ನೀರು ನಿಲ್ಲಿಸಬಾರದು. ಬಸಿದುಹೋಗುವ ಮಿಶ್ರಣದಲ್ಲಿ ನೆಟ್ಟು, ಬೇಸಿಗೆಯಲ್ಲಿ ಧಾರಾಳವಾಗಿ ನೀರು ಕೊಡಬೇಕು. ಚಳಿಗಾಲದಲ್ಲಿ ಮರ ಎಂಥ ಚಳಿಯನ್ನೂ ತಡೆದರೂ ಕುಂಡದೊಳಗಿನ ಬೇರಿಗೆ ಅಷ್ಟು ತಾಳಿಕೆಯಿಲ್ಲ. ಕುಂಡವನ್ನು ಮೇಜಿನಿಂದ ಇಳಿಸಿ ನೆಲದ ಮೇಲಿಟ್ಟು, ಸುತ್ತ ತೊಗಟೆ ಚೂರು ಅಥವಾ ಒಣಗಿದ ಎಲೆಯನ್ನು ಮುಚ್ಚಿ. ಬೆಚ್ಚಗಿನ ಕೋಣೆಗಂತೂ ತರಲೇಬೇಡಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ನನ್ನ ಯುರೋಪಿಯನ್ ಲಾರ್ಚ್‌ನ ಕುಂಡವನ್ನು ಜೂನ್ ತಿಂಗಳಲ್ಲಿ ಬದಲಿಸಿದೆ, ಎರಡು ವಾರಗಳಲ್ಲಿ ಸೂಜಿಗಳು ಒಣಗಿದವು. ಮರ ಉಳಿಯುವುದೇ? ತಂತಿ ಸುತ್ತಿದ ಕೊಂಬೆಗಳಲ್ಲಿ ಆಳವಾದ ಗುರುತುಗಳೂ ಬಿದ್ದಿವೆ.

ಉತ್ತರ: ಎಲೆ ಬಿಚ್ಚಿದ ಮೇಲೆ ಬೇರಿಗೆ ಕೈಹಾಕಿದರೆ ಲಾರ್ಚ್ ಸಹಿಸುವುದಿಲ್ಲ. ಸಾವಿರಾರು ಮೃದುವಾದ ಸೂಜಿಗಳು ನೀರನ್ನು ಬೇಡುತ್ತಿರುವಾಗಲೇ ಅದನ್ನು ಹೀರುವ ನಾರುಬೇರುಗಳು ಕಡಿದುಹೋಗಿರುತ್ತವೆ. ಕುಂಡ ಬದಲಿಸುವ ಕಾಲ ಬಹಳ ಕಿರಿದು: ವಸಂತದಲ್ಲಿ ಮೊಗ್ಗುಗಳು ಉಬ್ಬಿ, ತುದಿಯಲ್ಲಿ ಹಸುರಿನ ಚುಕ್ಕೆ ಇಣುಕುವ ಸಮಯ. ನಿಮ್ಮಲ್ಲಿ ಅದು ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಬರಬಹುದು, ಆಲ್ಪ್ಸ್‌ನ ಎತ್ತರದಲ್ಲಿ ಇನ್ನೂ ತಡವಾಗಿ. ಹೀಗಾಗಿ ಕ್ಯಾಲೆಂಡರಿಗಿಂತ ಮೊಗ್ಗನ್ನೇ ನಂಬಬೇಕು. ಆಗಲೂ ಬೇರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಹಳೆಯ ಮಣ್ಣನ್ನು ಪೂರ್ತಿ ತೊಳೆಯಲೂ ಬೇಡಿ, ಏಕೆಂದರೆ ಲಾರ್ಚ್ ಬೇರುಗಳು ಶಿಲೀಂಧ್ರಗಳೊಂದಿಗೆ ಕೂಡಿ ಬಾಳುತ್ತವೆ. ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಬಲಿತ ಮರಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಈ ಕೆಲಸ ಸಾಕು.

ಈಗ ಮರವನ್ನು ಅರೆನೆರಳಿನಲ್ಲಿಟ್ಟು, ಗಾಳಿಗೆ ಮರೆ ಮಾಡಿ, ಮಣ್ಣಿನಲ್ಲಿ ಹದವಾದ ತೇವ ಉಳಿಸಿ, ಗೊಬ್ಬರ ಕೊಡಬೇಡಿ. ಒಂದು ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸುರು ಕಂಡರೆ ಆಸೆ ಬಿಡಬೇಕಾಗಿಲ್ಲ.

ತಂತಿಯ ಗುರುತಿಗೆ ಕಾರಣ ಇದು: ಬೇಸಿಗೆಯ ಉತ್ತರಾರ್ಧದಲ್ಲಿ ಲಾರ್ಚ್ ಕೊಂಬೆಗಳು ಬಹುಬೇಗ ದಪ್ಪವಾಗುತ್ತವೆ. ಮೊಗ್ಗು ಉಬ್ಬುವ ಮುನ್ನ ತಂತಿ ಸುತ್ತಿ (ಉಬ್ಬಿದ ಮೊಗ್ಗು ಬೆರಳು ತಾಗಿದರೂ ಕಳಚುತ್ತದೆ), ಜುಲೈನಿಂದ ಪ್ರತಿ ವಾರ ಪರೀಕ್ಷಿಸಿ, ಒತ್ತುತ್ತಿದೆ ಎನಿಸಿದ ತಂತಿಯನ್ನು ಬಿಚ್ಚದೆ ತುಂಡುತುಂಡಾಗಿ ಕತ್ತರಿಸಿ ತೆಗೆಯಿರಿ. ವಯಸ್ಸಾದಂತೆ ತೊಗಟೆ ಒರಟಾಗಿ ಬಿರಿಯುವುದರಿಂದ ಗುರುತುಗಳು ಕ್ರಮೇಣ ಮರೆಯಾಗುತ್ತವೆ. ಹೆಪ್ಪುಗಟ್ಟಿದ ದಿನಗಳಲ್ಲಿ ಕೊಂಬೆ ಬಗ್ಗಿಸಬೇಡಿ, ಮುರಿಯುತ್ತದೆ.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿ ಬೆಳೆಸಿರುವ ನನ್ನ ಜಪಾನೀ ಲಾರ್ಚ್‌ನ ಸೂಜಿಗಳ ಮೇಲೆ ಬಿಳಿ ಹತ್ತಿಯಂಥದ್ದು ಕಾಣುತ್ತಿದೆ. ಶಂಕುಗಳೂ ತುಂಬ ಬಿಟ್ಟಿವೆ. ತೆಗೆಯಬೇಕೇ?

ಉತ್ತರ: ಬಿಳಿ ಹತ್ತಿ ಅಡೆಲ್ಜಿಡ್ ಎಂಬ ರಸಹೀರುವ ಸಣ್ಣ ಕೀಟದ ಹೊದಿಕೆ, ಅದು ಕೂತಲ್ಲಿ ಸೂಜಿ ಮಡಿಚಿಕೊಳ್ಳುತ್ತದೆ. ನೀರನ್ನು ರಭಸವಾಗಿ ಹಾಯಿಸಿ ತೊಳೆದು, ಸೌಮ್ಯವಾದ ಸಾಬೂನು ದ್ರಾವಣವನ್ನು ಸಿಂಪಡಿಸಿದರೆ ಕುಂಡದ ಗಿಡದಲ್ಲಿ ಹತೋಟಿಗೆ ಬರುತ್ತದೆ. ಇದಕ್ಕಿಂತ ಗಂಭೀರವಾದದ್ದು ಫೈಟೋಫ್ತೊರಾ ರಾಮೋರಮ್ ಎಂಬ ರೋಗ. 2009ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದ ಜಪಾನೀ ಲಾರ್ಚ್ ತೋಪುಗಳಲ್ಲಿ ಪತ್ತೆಯಾದ ಇದು ವೇಲ್ಸ್ ಮತ್ತು ನೈಋತ್ಯ ಸ್ಕಾಟ್ಲೆಂಡಿಗೂ ಹರಡಿ, ಅಪಾರ ಸಂಖ್ಯೆಯ ಮರಗಳನ್ನು ಕಡಿಯಬೇಕಾಯಿತು. ಚಿಗುರುಗಳು ಬಾಡಿ, ಸೂಜಿಗಳು ಕಪ್ಪಾಗಿ ಅಕಾಲದಲ್ಲಿ ಉದುರಿದರೆ ಮನೆಮದ್ದಿಗೆ ಹೋಗದೆ ಸಸ್ಯ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿನಿಂದ ಗಿಡ ಅಗೆದು ತರುವ ಆಸೆಯಿದ್ದರೆ ಇದೇ ಕಾರಣಕ್ಕಾಗಿ ಬಿಟ್ಟುಬಿಡಿ.

ಹೊರಕ್ಕೆ ಬಾಗಿದ ಅಂಚುಗಳಿಂದ ಪುಟ್ಟ ಗುಲಾಬಿಯಂತೆ ಕಾಣುವ ಜಪಾನೀ ಲಾರ್ಚ್ ಶಂಕುಗಳು ಬೋನ್ಸಾಯ್‌ಗೆ ಶೋಭೆಯೇ. ಆದರೆ ಶಂಕುವಾಗಿ ಮುಗಿದ ಗಿಡ್ಡ ಚಿಗುರು ಸಾಮಾನ್ಯವಾಗಿ ಮುಂದೆ ಬೆಳೆಯುವುದಿಲ್ಲ. ಬರೀ ಶಂಕುಗಳನ್ನೇ ಹೊತ್ತ ತೆಳು ರೆಂಬೆ ಕೊನೆಗೆ ಒಣಗುತ್ತದೆ. ಕೆಲವನ್ನು ಅಂದಕ್ಕೆ ಉಳಿಸಿ, ಮಿಕ್ಕವನ್ನು ತೆಗೆದುಬಿಡಿ.

ಪ್ರಶ್ನೆ: ಸಿಕ್ಕಿಂ ಪ್ರವಾಸದಲ್ಲಿ ಲಾರ್ಚ್ ಮರಗಳನ್ನು ನೋಡಿ ಮನಸೋತೆ. ಭಾರತದಲ್ಲೇ ಬೆಳೆಯುವ ಮರವಾದ್ದರಿಂದ ಬೆಂಗಳೂರಿನ ತಾರಸಿಯಲ್ಲಿ ಬೋನ್ಸಾಯ್ ಮಾಡಬಹುದೇ?

ಉತ್ತರ: ಮಾಡಬೇಡಿರೆಂದೇ ನನ್ನ ಸಲಹೆ. ನೀವು ನೋಡಿದ್ದು ಬಹುಶಃ ಲಾಚೆನ್ ಅಥವಾ ಲಾಚುಂಗ್ ಕಣಿವೆಯ ಸಿಕ್ಕಿಂ ಲಾರ್ಚ್. ಅದು ಸುಮಾರು 3000 ಮೀಟರ್ ಆಸುಪಾಸಿನ ಮತ್ತು ಅದಕ್ಕೂ ಮೇಲಿನ ಹಿಮದ ನಾಡಿನ ಮರ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ದಿನಗಳು ಮೋಟಾಗುತ್ತ ಚಳಿ ಏರಿದಾಗ ಲಾರ್ಚ್ ನಿದ್ರೆಗೆ ಜಾರುತ್ತದೆ, ದೀರ್ಘವಾದ ಚಳಿಯನ್ನು ಉಂಡ ಮೇಲಷ್ಟೇ ಅದರ ಮೊಗ್ಗು ಸರಿಯಾಗಿ ಒಡೆಯುತ್ತದೆ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಜನವರಿಯ ಮುಂಜಾವಿನ 15 ಡಿಗ್ರಿ ನಮಗೆ ಚಳಿಯಾದರೂ ಲಾರ್ಚ್‌ಗೆ ಅಲ್ಲ. ಗಿಡವನ್ನು ಫ್ರಿಜ್‌ನಲ್ಲಿಟ್ಟು ಚಳಿ ಕೊಡುವ ಸಾಹಸವನ್ನು ಕೆಲವರು ಮಾಡುವುದುಂಟು. ಉಳಿದ ತಿಂಗಳುಗಳ ಸೆಕೆಗೆ ಅದರಲ್ಲಿ ಉತ್ತರವಿಲ್ಲ.

ಲಾರ್ಚ್‌ನ ತೆಳುವಾದ ಎಲೆಯ ನೋಟವೇ ನಿಮಗೆ ಇಷ್ಟವಾಗಿದ್ದರೆ ಗಾಳಿಮರವನ್ನು, ಅಂದರೆ ಸರ್ವೆಯನ್ನು, ಪ್ರಯತ್ನಿಸಿ. ಅದು ಶಂಕುಧಾರಿಯಲ್ಲದಿದ್ದರೂ ನೋಟದಲ್ಲಿ ಹಾಗೆಯೇ ಕಾಣುತ್ತದೆ, ಸಸಿ ಅಗ್ಗವಾಗಿ ಸಿಗುತ್ತದೆ, ನಮ್ಮ ಬಿಸಿಲನ್ನು ಸಂತೋಷದಿಂದ ಸಹಿಸುತ್ತದೆ. ಅದನ್ನು ವರ್ಷದಲ್ಲಿ ಹಲವು ಬಾರಿ ಸವರಬಹುದು. ಕುಂಡ ಮಾತ್ರ ಒಮ್ಮೆಯೂ ಪೂರ್ತಿ ಒಣಗಬಾರದು.