‘ಆರಾಮ’ ಎನ್ನುವ ಅಭ್ಯಾಸ

‘ನಾನು ಆರಾಮ, ನೀವೂ ಆರಾಮ ಎಂದು ನಂಬಿದ್ದೇನೆ. ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 43. ಎಂಟು ತಿಂಗಳಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದೇನೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಆದರೆ ಯಾರೊಟ್ಟಿಗೂ ಮಾತು ಬೇಡ, ಯಾವುದೂ ಬೇಡ. ಡಾಕ್ಟರು ಕುಮಟಾದಲ್ಲಿ ವಾರಕ್ಕೊಮ್ಮೆ ನಡೆಯುವ ಗುಂಪು ಚಿಕಿತ್ಸೆಗೆ ಹೋಗಿ ಅಂತಾರೆ. ನನ್ನ ಗೋಳೇ ನನಗೆ ಸಾಕಾಗಿದೆ, ಏಳು ಜನರ ಗೋಳು ಕೇಳಿ ಗುಣವಾಗುವುದು ಹೇಗೆ? ನಮ್ಮ ಕಡೆ ಎಲ್ಲರಿಗೂ ಎಲ್ಲರೂ ನೆಂಟರೇ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಮನೆಯಲ್ಲಿ ಏನೆಂದು ಹೇಳಿ ಹೋಗಲಿ?’

ತಂಗೀ, ನಿಮ್ಮ ಪತ್ರದ ಮೊದಲ ಸಾಲು ಓದಿ ಸಣ್ಣಗೆ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಖಿನ್ನತೆಯ ಬಗ್ಗೆ ಬರೆಯುವ ಪತ್ರವನ್ನೂ ‘ನಾನು ಆರಾಮ’ ಎಂದೇ ಶುರು ಮಾಡಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಎದುರಾದವರೆಲ್ಲ ‘ಆರಾಮಾ?’ ಅಂತಾರೆ, ನಾವು ‘ಹೂಂ’ ಅಂತೇವೆ. ಎಂಟು ತಿಂಗಳಲ್ಲಿ ನೀವು ಎಷ್ಟು ಸಲ ಹೀಗೆ ಅಂದಿರಬಹುದು?

ಗುಂಪಿನಲ್ಲೂ ಮೊದಲ ದಿನ ಹಾಗೇ ಅನ್ನುತ್ತೀರಿ. ಎರಡನೇ ವಾರವೂ. ಮೂರನೇ ವಾರ ಯಾರಾದರೊಬ್ಬರು, ‘ಅಕ್ಕಾ, ನೀವು ಆರಾಮ ಅನ್ನುವಾಗೆಲ್ಲ ಸೆರಗಿನ ತುದಿ ತಿರುಚುತ್ತೀರಿ’ ಎಂದು ಹೇಳಿಬಿಡಬಹುದು. ಮನೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಡಾಕ್ಟರ ಹತ್ತು ನಿಮಿಷದಲ್ಲಿ ಕಾಣುವುದೂ ಇಲ್ಲ. ನೀವು ಜನರೊಂದಿಗೆ ಹೇಗಿರುತ್ತೀರಿ ಎಂಬುದು ಜನರ ನಡುವೆಯೇ ಕಾಣಬೇಕಲ್ವಾ?

ಅಡಿಕೆ ಸುಲಿಯಲು ರಾತ್ರಿ ಹತ್ತು ಜನ ಸೇರಿದಾಗಲೂ ಮಾತಿಗೆ ಬರವಿಲ್ಲ. ಆದರೆ ಅಲ್ಲಿ ಆಡುವುದು ಅಲ್ಲಿಲ್ಲದವರ ಮಾತು. ಇಲ್ಲಿ ಅವರವರದ್ದೇ. ಆರೆಂಟು ಜನ, ಸುಮಾರು ಒಂದೂವರೆ ತಾಸು, ನಡೆಸಲು ತರಬೇತಾದ ಒಬ್ಬರು. ಗೋಳು ಜಾಸ್ತಿಯಾದರೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿರುತ್ತದೆ.

ಏಳು ಜನರ ಗೋಳಿನ ಲೆಕ್ಕ ನೀವು ಸರಿಯಾಗಿ ಹಾಕಿಲ್ಲ ಅನಿಸುತ್ತದೆ. ಖಿನ್ನತೆ ಕಿವಿಯಲ್ಲಿ ಊದುವುದು ಒಂದೇ ಮಾತು: ನಿನಗೊಬ್ಬಳಿಗೇ ಹೀಗೆ, ನಿನ್ನಿಂದ ಯಾರಿಗೂ ಉಪಯೋಗವಿಲ್ಲ. ಎದುರು ಕೂತವರು ನಿಮ್ಮ ಮನಸ್ಸಿನದ್ದನ್ನೇ ಹೇಳಿದಾಗ ಮೊದಲರ್ಧ ಸುಳ್ಳಾಗುತ್ತದೆ. ನೀವು ಹೇಳಿದ್ದೊಂದು ಅವರಿಗೆ ಹಿಡಿಸಿ, ಮುಂದಿನ ವಾರ ‘ನೀವಂದಂತೆ ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದೆ’ ಅಂದರೆ ಉಳಿದರ್ಧವೂ. ಸಮಾಧಾನ ಪಡೆಯುವುದಕ್ಕಿಂತ ಕೊಡುವುದೇ ಕೆಲವರನ್ನು ಎಬ್ಬಿಸಿ ಕೂರಿಸುತ್ತದೆ.

ಇದು ಪೇಟೆಯವರ ಶೋಕಿಯಲ್ಲ. ಉಗಾಂಡಾದ ಹಳ್ಳಿಗಳಲ್ಲಿ ಖಿನ್ನತೆ ಇದ್ದವರು ವಾರಕ್ಕೊಮ್ಮೆಯಂತೆ 16 ವಾರ ಹೀಗೇ ಕೂತರು. ನಡೆಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಆ ಕಡೆಯವರೇ. ಗುಂಪಿಗೆ ಹೋಗದವರಿಗಿಂತ ಅವರ ಖಿನ್ನತೆ ಬಹಳ ಇಳಿದಿತ್ತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇನ್ನು ಗುಟ್ಟಿನ ವಿಷಯ. ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಚಿಕಿತ್ಸೆ ನಡೆಸುವವರನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಟ್ಟಿಹಾಕುತ್ತದೆ. ಉಳಿದವರನ್ನು ಕಟ್ಟುವುದು ಕೊಟ್ಟ ಮಾತು ಮಾತ್ರ. ಹಾಗಾಗಿ ಸೇರುವ ಮೊದಲು ನಡೆಸುವವರನ್ನು ಒಬ್ಬರೇ ಭೇಟಿಯಾಗಿ. ‘ನಮ್ಮೂರ ಕಡೆಯವರು ಇದ್ದಾರಾ?’ ಎಂದು ನೇರ ಕೇಳಿ. ಹೆಸರು ಹೇಳುವುದಿಲ್ಲ, ಆದರೆ ನಿಮ್ಮನ್ನು ಬೇರೆ ಗುಂಪಿಗೆ ಹಾಕಬಹುದು. ಊರು, ಮನೆತನ, ಮಗಳ ಮದುವೆ ಯಾವುದನ್ನೂ ಹೇಳಲೇಬೇಕೆಂದಿಲ್ಲ. ಅಲ್ಲಿ ಬಂದವರಿಗೂ ಮನೆಯಲ್ಲಿ ಮಗಳೋ ಮಗನೋ ಇರುತ್ತಾರೆ ನೋಡಿ.

ಮಾತ್ರೆ ನಿಲ್ಲಿಸಬೇಡಿ. ಮೊದಲ ಎರಡು ಮೂರು ವಾರ ಮನೆಗೆ ಬಂದ ಮೇಲೆ ಮನಸ್ಸು ಇನ್ನೂ ಭಾರ ಅನಿಸಬಹುದು, ಅಷ್ಟಕ್ಕೇ ಬಿಡಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಮಾತ್ರ ವಾರ ಕಾಯಬೇಡಿ. ಡಾಕ್ಟರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ‘ಡಾಕ್ಟರು ಹೇಳಿದ ಚಿಕಿತ್ಸೆಗೆ ಹೋಗ್ತೇನೆ’ ಅನ್ನಿ, ಸುಳ್ಳೇನಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ತಲೆ ತಿರುಗುವುದಿದ್ದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ, ಚೀಲದಲ್ಲೊಂದು ಲಿಂಬೆಹಣ್ಣು ಇರಲಿ. ನಾಲ್ಕು ವಾರ ಕಳೆದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಮೊದಲ ಸಾಲು ಮಾತ್ರ ಬಿಟ್ಟು.