ಎಣಿಕೆ ತಪ್ಪಿದ ಜಾಗದಿಂದ ಶುರು ಮಾಡಿ

ಮೇಷ್ಟ್ರಿಗೆ ನಮಸ್ಕಾರ.

‘ವ್ಯಾಯಾಮದಿಂದ ಹೃದಯಕ್ಕೆ ನವಯೌವನ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಹೊಡೆದುಹಾಕಿ. ಹೃದಯಕ್ಕೆ ನಾಲ್ಕು ಕೋಣೆ ಅಂತ ನಮ್ಮ ಓದುಗರು ಹೈಸ್ಕೂಲಲ್ಲೇ ಕಲಿತಿದ್ದಾರೆ, ಕೆಲವರು ನಿಮ್ಮ ಹತ್ರವೇ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿ ಹತ್ರ ಏದುಸಿರು ಬಿಡುತ್ತಾ ಕೂತಿರಿ. ಮೊಮ್ಮಗಳು ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು, ತಪ್ಪಿತು, ಮತ್ತೆ ಒಂದರಿಂದ ಎಣಿಸಿದಳು. ಇಂಥದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ, ಹೊಟ್ಟೆ ಉರಿಯಿತು.

ಇನ್ನು ವಿಷಯ. ‘ಯಾವ ವಯಸ್ಸಲ್ಲಿ ಶುರು ಮಾಡಿದರೂ ಹೃದಯಕ್ಕೆ ಹರೆಯ ಮರಳುತ್ತದೆ’ ಎಂದಿದ್ದೀರಿ. ತಪ್ಪು. ವಯಸ್ಸಾದಂತೆ ಎಡಗಡೆ ಕೆಳಕೋಣೆಯ ಗೋಡೆ ಪೆಡಸಾಗುತ್ತದೆ. ರಕ್ತ ತುಂಬುವಾಗ ಮೊದಲಿನ ಹಾಗೆ ಹಿಗ್ಗುವುದಿಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ಹೃದ್ರೋಗ ತಜ್ಞ ಬೆಂಜಮಿನ್ ಲೆವಿನ್ ಅವರ ತಂಡ ಇದನ್ನೇ ಅಳೆದು ನೋಡಿತು. 65 ದಾಟಿದವರಿಗೆ ಒಂದು ವರ್ಷ ತರಬೇತಿ ಕೊಟ್ಟರು. ದಮ್ಮು ಜಾಸ್ತಿ ಆಯಿತು, ಪೆಡಸು ಹೋಗಲಿಲ್ಲ. ಆಮೇಲೆ ವ್ಯಾಯಾಮದ ಅಭ್ಯಾಸವಿಲ್ಲದ 45ರಿಂದ 64 ವರ್ಷದವರಿಗೆ ಎರಡು ವರ್ಷ ಬೆವರಿಳಿಸಿದರು. ಪೆಡಸು ಕಡಿಮೆಯಾಯಿತು. ಆಮ್ಲಜನಕ ಬಳಸುವ ತಾಕತ್ತು ಸುಮಾರು 18% ಏರಿತು. ಇದು ಪ್ರಕಟವಾಗಿದ್ದು 2018ರಲ್ಲಿ.

ಕುಕ್ಕರಹಳ್ಳಿ ಕೆರೆ ಸುತ್ತ ಹರಟುತ್ತಾ ಒಂದು ಸುತ್ತು ಹಾಕಿದರೆ ಸಾಕು ಅನ್ನುವ ನಿಮ್ಮ ಮಾತೂ ನಿಲ್ಲುವುದಿಲ್ಲ. ಪೆಡಸು ಕಡಿಮೆಯಾದ ಆ ಗುಂಪಿನವರು ವಾರಕ್ಕೆ ನಾಲ್ಕೈದು ದಿನ ವ್ಯಾಯಾಮ ಮಾಡಿದರು. ಅದರಲ್ಲಿ ಒಂದೆರಡು ದಿನ, ನಾಲ್ಕು ನಿಮಿಷ ಮಾತೇ ಹೊರಡದಷ್ಟು ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಯೋಗ, ತೂಕ ಎತ್ತುವುದು ಮಾಡಿದ ಇನ್ನೊಂದು ಗುಂಪಿನಲ್ಲಿ ಪೆಡಸು ಹಾಗೇ ಉಳಿಯಿತು. ಯೋಗಕ್ಕೆ ಹೆಸರಾದ ಮೈಸೂರಲ್ಲಿ ಕೂತು ಇದನ್ನು ಅಚ್ಚು ಹಾಕಿದರೆ ಬೈಗುಳದ ಪತ್ರಗಳು ಬರುತ್ತವೆ. ಬರಲಿ, ನೀವು ಬರೆಯಿರಿ. ಜೋರು ಅಭ್ಯಾಸಕ್ಕೆ ಮುಂಚೆ ಡಾಕ್ಟರಿಗೆ ತೋರಿಸಿ ಅನ್ನುವ ಒಂದು ಸಾಲೂ ಇರಲಿ.

ನಿಮಗೆ 68. ಅಂದರೆ ನೀವು ಮೊದಲ ಗುಂಪು. ಹೋದ ವರ್ಷ ನಂದಿ ತಲುಪುವಷ್ಟರಲ್ಲಿ ಮೂರು ಸಲ ಕೂತವರು ಈ ವರ್ಷ ಒಂದೇ ಸಲ ಕೂತಿರಿ ಅಂತ ನೀವೇ ಬರೆದಿದ್ದೀರಿ. ಅಷ್ಟು ಚೆನ್ನಾದ ಲೆಕ್ಕ ಕೈಯಲ್ಲಿಟ್ಟುಕೊಂಡು ‘ನವಯೌವನ’ ಯಾಕೆ ಮೇಷ್ಟ್ರೇ? ತಲೆಬರಹ ಬದಲಾಯಿಸಿ.

ಹಾಂ, ಒಂದು ಕೇಳಬೇಕಿತ್ತು. ಎರಡನೇ ಸಲ ಮೊಮ್ಮಗಳು ಎಷ್ಟು ಎಣಿಸಿದಳು? ಅದು ಲೇಖನದಲ್ಲಿ ಇಲ್ಲವೇ ಇಲ್ಲ.